ಕೊಂಡಿ ಕೊಡೋರು ಯಾರು? ಹುಡುಕಾಟದ ಯಂತ್ರ ಮತ್ತು ಕನ್ನಡದ ಕಾಲು ಶತಮಾನ

ಸೂರತ್‌ನ ಅಡಾಜಣ್‌ನಿಂದ ಮಾತಾಡ್ತಾ ಇದ್ದೀನಿ. ಈ ವಾರದ ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಕ್ಯಾಬಲ್ಲಿ ಕೂತು ಓದೋರಿಗೆ ಎಂದಿನಂತೆ ಬರಹ ಇಲ್ಲಿದೆ. ಮಾತಿನ ಓಟವನ್ನ ಸ್ವಲ್ಪ ತಿದ್ದಿದ್ದೀನಿ, ವಿಷಯ ಅದೇ.

2021ರ ಜೂನ್ 3, ಗುರುವಾರ. ಎರಡನೇ ಅಲೆ ಇಳಿಯುತ್ತಿದ್ದ ಸಮಯ, ಎಲ್ಲರೂ ಮನೆಯಿಂದಲೇ ಕೆಲಸ. ನಮ್ಮ ಟೀಮ್ ವಾಟ್ಸಾಪ್ ಗುಂಪಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಕಳಿಸಿದವನು ಗುಜರಾತಿ ಹುಡುಗ, ಒಳ್ಳೆಯವನೇ. "ಭಾಈ, ಆ ಜೋಯುಂ?" ಅಂತ ಕೇಳಿದ್ದ. ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ, ಗೂಗಲ್ ಎಲ್ಲಕ್ಕಿಂತ ಮೇಲೆ ಒಂದು ಪೆಟ್ಟಿಗೆ ಹಾಕಿ 'ಕನ್ನಡ' ಅಂತ ತೋರಿಸ್ತಿತ್ತು. ನಾನೇ ಟೈಪ್ ಮಾಡಿ ನೋಡಿದೆ. ನಿಜವಾಗಿಯೂ ಹಾಗೇ ಬಂತು.

ಅವತ್ತು ನಡೆದದ್ದು ನಿಮಗೆಲ್ಲ ನೆನಪಿರಬಹುದು. ಟ್ವಿಟರ್ ಹೊತ್ತಿ ಉರೀತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು. ಎಚ್.ಡಿ. ಕುಮಾರಸ್ವಾಮಿ, ಪಿ.ಸಿ. ಮೋಹನ್ ಖಂಡಿಸಿದರು. ಗೂಗಲ್ ಕ್ಷಮೆ ಕೇಳಿ ಆ ಉತ್ತರ ತೆಗೆದುಹಾಕಿತು. ಸಂಜೆ ಹೊತ್ತಿಗೆ ಅದೇ ಪ್ರಶ್ನೆ ಹಾಕಿದರೆ ಈ ಗಲಾಟೆಯ ಸುದ್ದಿಗಳೇ ಬರ್ತಿದ್ದವು.

ನನಗೂ ಸಿಟ್ಟು ಬಂತು. ಆದರೆ ಸಿಟ್ಟು ಇಳಿದ ಮೇಲೆ ಇಂಜಿನಿಯರ್ ಬುದ್ಧಿ ಸುಮ್ನಿರಲ್ಲ ನೋಡಿ. ಈ ಉತ್ತರ ಬಂದಿದ್ದಾದರೂ ಎಲ್ಲಿಂದ ಅಂತ ಹುಡುಕಿದೆ. ಗೂಗಲ್‌ನಲ್ಲಿ ಕೂತು ಯಾರೋ ಬರೆದದ್ದಲ್ಲ. ಸಾಲ ತೀರಿಸೋ ಸಲಹೆ ಕೊಡ್ತೀವಿ ಅನ್ನೋ ಒಂದು ಯಾವುದೋ ಇಂಗ್ಲಿಷ್ ವೆಬ್‌ಸೈಟಿನ ಪುಟದಿಂದ ಯಂತ್ರ ಆ ಸಾಲನ್ನ ಎತ್ತಿಕೊಂಡಿತ್ತು. ಸಾಲದ ಸೈಟಿಗೂ ಕನ್ನಡಕ್ಕೂ ಏನು ಸಂಬಂಧ? ಏನೂ ಇಲ್ಲ. ಜನ ಹುಡುಕೋ ಪ್ರಶ್ನೆಗಳಿಗೆಲ್ಲ ಒಂದೊಂದು ಪುಟ ಕಟ್ಟಿ, ಓದುಗರನ್ನ ಎಳೆದುಕೊಂಡು, ಜಾಹೀರಾತಿನಲ್ಲಿ ಕಾಸು ಮಾಡೋ ಜಾತಿಯ ಸೈಟು ಅದು.

ಅಂಥ ಪುಟ ಇಡೀ ಜಗತ್ತಿಗೆ ಕನ್ನಡದ ಬಗ್ಗೆ ಉತ್ತರ ಕೊಡೋ ಜಾಗದಲ್ಲಿ ಹೇಗೆ ಬಂದು ಕೂತಿತು? ಇದಕ್ಕೆ ಉತ್ತರ ಬೇಕಂದ್ರೆ ಸುಮಾರು 25 ವರ್ಷ ಹಿಂದಕ್ಕೆ ಹೋಗಬೇಕು.

ಮಹಿಧರಪುರದ ಲೆಕ್ಕ

ಅಡಾಜಣ್‌ನಿಂದ ತಾಪಿ ನದಿ ದಾಟಿ ಹಳೇ ಊರಿಗೆ ಹೋದರೆ ಮಹಿಧರಪುರ ಅನ್ನೋ ವಜ್ರದ ಬಜಾರ್ ಸಿಗುತ್ತೆ. ಸೂರತ್ತಿಗೆ ಬಂದ ಹೊಸದರಲ್ಲಿ ನೋಡಿ ಬೆರಗಾಗಿದ್ದೆ. ರಸ್ತೆ ಮೇಲೆ, ಸ್ಕೂಟರ್ ಸೀಟಿನ ಮೇಲೆ, ಮಡಿಸಿದ ಕಾಗದದ ಪೊಟ್ಟಣ ಬಿಚ್ಚಿ ಲಕ್ಷಗಟ್ಟಲೆ ಬೆಲೆಯ ಹರಳುಗಳನ್ನ ಬರೀ ಬೆಳಕಿನಲ್ಲಿ ನೋಡಿ ವ್ಯಾಪಾರ ಮಾಡ್ತಾರೆ. ಬಹಳಷ್ಟು ವ್ಯವಹಾರ ನಡೆಯೋದು ಬಾಯಿಮಾತಿನ ಮೇಲೆ. ಹೊಸಬನಿಗೆ ಅಲ್ಲಿ ಜಾಗ ಇಲ್ಲ. ಅವನ ಪರವಾಗಿ ಮಾತಾಡೋರು ಬೇಕು. ಹೀಗೆ ಮಾತಾಡೋರು ಎಷ್ಟು ಜನ ಅನ್ನೋದಕ್ಕಿಂತ, ಅವರ ಮಾತಿಗೆ ಬಜಾರಿನಲ್ಲಿ ಎಷ್ಟು ತೂಕ ಇದೆ ಅನ್ನೋದು ಮುಖ್ಯ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಸರ್ಗೆಯ್ ಬ್ರಿನ್ ಮತ್ತು ಲ್ಯಾರಿ ಪೇಜ್, ಪ್ರಕಟಿಸಿದ ಪೇಜ್‌ರ‍್ಯಾಂಕ್ ಕೂಡ ಹೆಚ್ಚುಕಮ್ಮಿ ಇದೇ ಲೆಕ್ಕ. ಒಂದು ಪುಟ ಇನ್ನೊಂದು ಪುಟಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಜಾಮೀನು. ಜಾಮೀನು ಕೊಟ್ಟವನಿಗೇ ಎಷ್ಟು ಜನ ಜಾಮೀನು ನಿಂತಿದ್ದಾರೆ ಅನ್ನೋದರ ಮೇಲೆ ಅದರ ಬೆಲೆ. ಅವನು ಕಂಡಕಂಡವರಿಗೆಲ್ಲ ಜಾಮೀನು ಕೊಟ್ಟಿದ್ದರೆ ಬೆಲೆ ಹಂಚಿಹೋಗುತ್ತೆ. ಸುಮ್ಮನೆ ಕೊಂಡಿಗಳನ್ನ ಒತ್ತುತ್ತಾ ಅಲೆಯೋ ಒಬ್ಬ ಓದುಗನನ್ನ ಕಲ್ಪಿಸಿಕೊಳ್ಳಿ. ಶೇಕಡ 85ರಷ್ಟು ಸಲ ಇರುವ ಪುಟದ ಕೊಂಡಿ ಹಿಡಿದು ಮುಂದೆ ಹೋಗ್ತಾನೆ, ಉಳಿದ 15ರಷ್ಟು ಸಲ ಬೇಜಾರಾಗಿ ಎಲ್ಲಿಗೋ ನೆಗೀತಾನೆ. ಹೀಗೆ ಅಲೆಯೋನು ಯಾವ ಪುಟಕ್ಕೆ ಹೆಚ್ಚು ಸಲ ಬಂದು ಮುಟ್ಟುತ್ತಾನೋ ಆ ಪುಟಕ್ಕೆ ಹೆಚ್ಚು ಅಂಕ.

ಈ ಐಡಿಯಾ ಆಕಾಶದಿಂದ ಬಿದ್ದದ್ದಲ್ಲ. ಯೂಜೀನ್ ಗಾರ್ಫೀಲ್ಡ್ 1964ರಲ್ಲೇ ವಿಜ್ಞಾನ ಲೇಖನಗಳಲ್ಲಿ ಯಾರು ಯಾರನ್ನ ಉಲ್ಲೇಖಿಸಿದ್ದಾರೆ ಅನ್ನೋ ಸೂಚಿ ಹೊರತಂದಿದ್ದರು. ಎಂಟೆಕ್ ಮಾಡಿದವರೆಲ್ಲ ಈ ಉಲ್ಲೇಖದ ರಾಜಕೀಯ ಕಂಡೇ ಇರ್ತಾರೆ, ಗೈಡ್ ಹೆಸರು ಬಿಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಬ್ರಿನ್ ಮತ್ತು ಪೇಜ್ ಆ ತರ್ಕವನ್ನ ಇಡೀ ವೆಬ್‌ಗೆ ಹಚ್ಚಿದರು.

ಅಂದರೆ ಹುಡುಕಾಟದ ಯಂತ್ರಕ್ಕೆ ಸ್ವಂತ ಅಭಿಪ್ರಾಯ ಇಲ್ಲ. ನಾವು ಒಬ್ಬರನ್ನೊಬ್ಬರು ಎಷ್ಟು ಉಲ್ಲೇಖಿಸ್ತೀವಿ ಅನ್ನೋದನ್ನ ಅದು ಎಣಿಸುತ್ತೆ. ಹಾಗಾದ್ರೆ 1998ರಲ್ಲಿ ಈ ಎಣಿಕೆ ಶುರುವಾದಾಗ ಕನ್ನಡ ಎಲ್ಲಿತ್ತು?

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ

ವೆಬ್‌ನಲ್ಲಿ ಕನ್ನಡ ಇತ್ತು. 1996ರ ಕೊನೆಯಲ್ಲೇ ಡಾ. ಯು.ಬಿ. ಪವನಜ ಅವರ ವಿಶ್ವಕನ್ನಡ ಜಾಲತಾಣ ಬಂದಿತ್ತು. ಆಗ ಅವರು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಅವರು ಇದ್ದದ್ದು ಅಮೆರಿಕದಲ್ಲಿ. ಗಮನಿಸಿ, ಎರಡೂ ಊರು ಬಿಟ್ಟವರು ಮಾಡಿದ ಕೆಲಸ. ನಮ್ಮ ಥರದವರೇ, ಹೊಟ್ಟೆಪಾಡಿಗೆ ಬೇರೆ ಕಡೆ ಹೋಗಿ, ರಾತ್ರಿ ಕೂತು ಕನ್ನಡಕ್ಕೆ ದುಡಿದವರು. ಅಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳಲ್ಲಿ ನೆಲೆ ನಿಂತಿತು.

ಆದರೆ ಒಂದು ತೊಡಕಿತ್ತು. ಆ ಕಾಲದ ಕನ್ನಡ ಫಾಂಟುಗಳು ಒಂದು ಉಪಾಯ ಮಾಡ್ತಿದ್ದವು. ಕಂಪ್ಯೂಟರಿಗೆ ಗೊತ್ತಿರೋದು ರೋಮನ್ ಅಕ್ಷರ ಮತ್ತು ಯುರೋಪಿನ ಒಂದಷ್ಟು ಚಿಹ್ನೆ. ಆ ಜಾಗಗಳಲ್ಲಿ ಕನ್ನಡ ಅಕ್ಷರದ ಚೂರುಗಳ ಚಿತ್ರ ಕೂರಿಸೋದು. ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಪರದೆ ಮೇಲೆ ಕನ್ನಡ ಕಾಣುತ್ತೆ. ಫೈಲಿನ ಒಳಗೆ ಇರೋದು ಪಿ, ಕ್ಯೂ ಮತ್ತು ತಲೆ ಮೇಲೆ ಗೆರೆ ಇರೋ ಫ್ರೆಂಚ್, ಜರ್ಮನ್ ಅಕ್ಷರಗಳ ಒಂದು ಕಲಸುಮೇಲೋಗರ. ಮೇಲಾಗಿ ಒಂದೊಂದು ಫಾಂಟಿನ ಲೆಕ್ಕ ಒಂದೊಂದು.

ನೋಡೋ ಕಣ್ಣಿಗೆ ತೊಂದರೆ ಇಲ್ಲ. ಆದರೆ ಹುಡುಕಾಟದ ಯಂತ್ರ ಓದೋದು ಒಳಗಿನ ಸಂಕೇತವನ್ನ. ಅದಕ್ಕೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಕಸ. ಪತ್ರಿಕೆಗಳು ವರ್ಷಗಟ್ಟಲೆ ದಿನವೂ ಸುದ್ದಿ ಹಾಕಿದರೂ, ಒಂದು ಪದ ಕೊಟ್ಟು ಹುಡುಕಿದರೆ ಏನೂ ಸಿಗ್ತಿರಲಿಲ್ಲ. ಎಣಿಕೆ ಶುರುವಾದ ಹೊತ್ತಿನಲ್ಲಿ ನಾವು ಬಜಾರಿನಲ್ಲಿ ನಿಂತಿದ್ದೆವು, ಆದರೆ ಯಾರ ಕಣ್ಣಿಗೂ ಬೀಳದ ಹಾಗೆ.

ವಿಚಿತ್ರ ಏನಪ್ಪಾ ಅಂದ್ರೆ, ಪರಿಹಾರ ಮೊದಲೇ ತಯಾರಿತ್ತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೆ ಅದು ಸಾಮಾನ್ಯರ ಕಂಪ್ಯೂಟರಿಗೆ ಇಳಿದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬಂದ ಮೇಲೆ. ಅದನ್ನೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸಿ.ಡಿ. ಹಾಕಿ ಚಾಲೂ ಮಾಡಬೇಕಿತ್ತು. ಸೈಬರ್ ಕೆಫೆಯವನು ಸಿ.ಡಿ. ಎಲ್ಲಿಂದ ಕೊಡ್ತಾನೆ? ಒತ್ತಕ್ಷರ ಮುರಿದು ಪಕ್ಕದಲ್ಲಿ ಬಿದ್ದಿರೋ ಕನ್ನಡ, ಬರೀ ಚೌಕಗಳ ಸಾಲು ಇವನ್ನೆಲ್ಲ ನಮ್ಮ ಪೀಳಿಗೆ ನೋಡಿದೆ.

ಪ್ರೀತಿಯ ಕೊಂಡಿಗಳ ಕಾಲ

ಹೀಗಿದ್ದೂ 2003ರಿಂದ ಸುಮಾರು 2011ರವರೆಗೆ ಒಂದು ಒಳ್ಳೆಯ ಕಾಲ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. 2005ರಲ್ಲಿ ಹರಿಪ್ರಸಾದ್ ನಾಡಿಗ್ 'ಸಂಪದ' ಕಟ್ಟಿದರು. 2007ರ ಹೊತ್ತಿಗೆ 'ಕೆಂಡಸಂಪಿಗೆ', 'ಅವಧಿ' ಬಂದವು. ಬೆಂಗಳೂರು, ಪುಣೆ, ಕ್ಯಾಲಿಫೋರ್ನಿಯಾ, ಸಿಂಗಪುರ ಎಲ್ಲ ಕಡೆಯಿಂದ ಸಾಫ್ಟ್‌ವೇರ್‌ನವರು ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದರು.

ಆ ಪುಟಗಳ ಬದಿಯಲ್ಲಿ ಒಂದು ಪಟ್ಟಿ ಇರ್ತಿತ್ತು, 'ನಾನು ಓದುವವರು', 'ಗೆಳೆಯರ ಮನೆ' ಅಂತೆಲ್ಲ. ಅದು ಯಾರೋ ದುಡ್ಡು ಕೊಟ್ಟು ಹಾಕಿಸಿದ್ದಲ್ಲ. ಬರಹ ಹಿಡಿಸಿತು, ಹಾಕಿದರು, ಅಷ್ಟೇ. ಬ್ರಿನ್, ಪೇಜ್ 1998ರಲ್ಲಿ ಕಲ್ಪಿಸಿಕೊಂಡ ವೆಬ್ ಇದೇ. ಒಬ್ಬ ಮನುಷ್ಯ ಇನ್ನೊಬ್ಬನ ಮಾತಿಗೆ ಬೆಲೆ ಕೊಟ್ಟು ಇಟ್ಟ ಕೊಂಡಿ. ಇಂಗ್ಲಿಷ್ ಜಗತ್ತಿನಲ್ಲಿ ಅದು ಅಷ್ಟೊತ್ತಿಗೆ ಕೆಟ್ಟು ಹೋಗಿತ್ತು. ನಮ್ಮಲ್ಲಿ ತಡವಾಗಿ ಬಂದು, ಶುದ್ಧವಾಗಿಯೇ ಇತ್ತು.

ಕೊಂಡಿಯ ಧಂಧೆ

ಇಂಗ್ಲಿಷಿನಲ್ಲಿ ಕೆಟ್ಟದ್ದು ಹೇಗೆ? ಜಾಮೀನಿಗೆ ಬೆಲೆ ಇದೆ ಅಂತ ಗೊತ್ತಾದ ಕೂಡಲೇ ಜಾಮೀನು ಮಾರೋರು ಹುಟ್ಟಿಕೊಂಡರು. ಸಾವಿರಾರು ಖಾಲಿ ಡೈರೆಕ್ಟರಿ ಸೈಟುಗಳು, ಒಂದಕ್ಕೊಂದು ಕೊಂಡಿ ಕೊಡೋ ಸೈಟುಗಳ ಗುಂಪು, ಕಂಡವರ ಕಾಮೆಂಟಿನಲ್ಲಿ ತಮ್ಮ ವಿಳಾಸ ಅಂಟಿಸೋದು. ಈ ಕಾಮೆಂಟ್ ಕಾಟ ತಡೆಯೋಕೆ 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್ಎನ್ ಮೂವರೂ ಸೇರಿ 'ನೋಫಾಲೋ' ಅನ್ನೋ ಗುರುತು ತಂದರು. 'ಈ ಕೊಂಡಿಗೆ ನಾನು ಜಾಮೀನಲ್ಲ' ಅಂತ ಹೇಳೋ ಗುರುತು ಅದು.

ಇಲ್ಲೊಂದು ನಮ್ಮೂರಿನ ಎಳೆ ಇದೆ. ಬೆಂಗಳೂರಿನ ಕೃಷ್ಣ ಭರತ್, ಗೂಗಲ್ ನ್ಯೂಸ್ ಕಟ್ಟಿದವರು, ಜಾರ್ಜ್ ಮಿಹೈಲಾ ಜೊತೆ ಸೇರಿ 'ಹಿಲ್‌ಟಾಪ್' ಅನ್ನೋ ವಿಧಾನ ರೂಪಿಸಿದ್ದರು. ಅದರ ತಿರುಳು ಇಷ್ಟೆ: ಯಾರೋ ಒಬ್ಬರು ಕೊಂಡಿ ಕೊಟ್ಟರೆ ಸಾಲದು. ಆ ವಿಷಯದಲ್ಲಿ ತಜ್ಞ ಅನ್ನಿಸಿಕೊಂಡ ಪುಟಗಳು ಕೊಡಬೇಕು, ಅದೂ ಒಂದಕ್ಕೊಂದು ಸಂಬಂಧ ಇಲ್ಲದ ಕನಿಷ್ಠ ಎರಡು. ಅಣ್ಣ ತಮ್ಮಂದಿರ ಸಾಕ್ಷಿ ನಡೆಯಲ್ಲ ಅಂತ. 2003ರ ನವೆಂಬರ್‌ನಲ್ಲಿ 'ಫ್ಲೋರಿಡಾ' ಅಂತ ಕರೆಯೋ ದೊಡ್ಡ ಬದಲಾವಣೆ ಬಂದು ಎಷ್ಟೋ ವ್ಯಾಪಾರಿ ಸೈಟುಗಳು ರಾತ್ರೋರಾತ್ರಿ ಕೆಳಗೆ ಬಿದ್ದಾಗ, ಅದರ ಹಿಂದೆ ಹಿಲ್‌ಟಾಪ್ ಇದೆ ಅಂತ ಆ ಕಸುಬಿನವರು ಊಹಿಸಿದರು.

ಹಿಲ್‌ಟಾಪ್ ಬಗ್ಗೆ ಇನ್ನೊಂದು ಮಾತು, ಇದನ್ನ ನೆನಪಿಟ್ಟುಕೊಳ್ಳಿ. ಆ ವಿಷಯದ ತಜ್ಞ ಪುಟಗಳೇ ಸಿಗದಿದ್ದರೆ ಅದು ಉತ್ತರವನ್ನೇ ಕೊಡ್ತಿರಲಿಲ್ಲ. ಸಾಕ್ಷಿ ಇಲ್ಲ ಅಂದರೆ ಸುಮ್ಮನಿರೋದು. ಮುಂದೆ ಬಂದ ಯಂತ್ರಗಳಿಗೆ ಈ ಸಂಯಮ ಇರಲಿಲ್ಲ.

2011ರ ಫೆಬ್ರವರಿಯಲ್ಲಿ 'ಪಾಂಡಾ' ಬಂತು, ಜೊಳ್ಳು ಬರಹದ ಕಾರ್ಖಾನೆಗಳನ್ನ ಹಿಡಿಯೋಕೆ. ಅಮೆರಿಕದಲ್ಲಿ ಶೇಕಡ 11.8ರಷ್ಟು ಹುಡುಕಾಟಗಳ ಫಲಿತಾಂಶ ಬದಲಾಗುತ್ತೆ ಅಂತ ಗೂಗಲ್ಲೇ ಹೇಳಿತ್ತು. 2012ರ ಏಪ್ರಿಲ್ 24ಕ್ಕೆ 'ಪೆಂಗ್ವಿನ್', ಕೊಂಡಿ ಮಾರೋ ಕೊಳ್ಳೋ ಆಟದ ಮೇಲೆ. ಇಂಗ್ಲಿಷಿನ ಶೇಕಡ 3.1ರಷ್ಟು ಹುಡುಕಾಟಗಳ ಮೇಲೆ ಪರಿಣಾಮ.

ಅದರಲ್ಲಿ ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ. ಎಂಟೆಕ್ ಓದುವಾಗ ಗೇಟ್ ಪರೀಕ್ಷೆಯ ನೋಟ್ಸ್ ಹಾಕೋ ಒಂದು ಇಂಗ್ಲಿಷ್ ಸೈಟ್ ಇಟ್ಟಿದ್ದೆ. ನೋಟ್ಸ್ ಚೆನ್ನಾಗೇ ಇದ್ದವು. ದಿನಕ್ಕೆ ನೂರಿನ್ನೂರು ಜನ ಬರ್ತಿದ್ದರು. ಆಸೆ ಜಾಸ್ತಿಯಾಯ್ತು. 500 ಡೈರೆಕ್ಟರಿಗಳಲ್ಲಿ ಕೊಂಡಿ ಹಾಕಿಸಿಕೊಡ್ತೀವಿ ಅಂದ ಒಬ್ಬರಿಗೆ ಮೆಸ್ ಬಿಲ್ಲಿನ ದುಡ್ಡು ಕೊಟ್ಟೆ. ಎರಡು ತಿಂಗಳು ಏರಿತು. ಪೆಂಗ್ವಿನ್ ಬಂದ ವಾರ ದಿನಕ್ಕೆ ಇಪ್ಪತ್ತು ಜನಕ್ಕೆ ಇಳಿಯಿತು. ತಪ್ಪು ಯಾರದೂ ಅಲ್ಲ, ನಂದೇ. ಆ ವರ್ಷ ಅಕ್ಟೋಬರ್‌ನಲ್ಲಿ ಕೆಟ್ಟ ಕೊಂಡಿಗಳನ್ನ 'ನಮ್ಮದಲ್ಲ' ಅಂತ ಬರೆದುಕೊಡೋ ಸೌಲಭ್ಯ ಬಂತು. ಕೂತು 500 ವಿಳಾಸ ಒಂದೊಂದಾಗಿ ನೋಡಿದೆ. ಅದರಲ್ಲಿ ಒಂದೇ ಒಂದು ಪುಟವನ್ನ ಯಾವ ಮನುಷ್ಯನೂ ಓದೋಕೆ ಅಂತ ಬರೆದಿರಲಿಲ್ಲ. ನಾನು ಕೊಂಡಿದ್ದು ಸುಳ್ಳು ಸಾಕ್ಷಿ ಅಂತ ಆಗ ಅರ್ಥವಾಯ್ತು.

ಇವತ್ತಿಗೂ ಹನಿ ಪಾರ್ಕ್ ರೋಡಿನ ಕಡೆ ಚಹಾ ಕುಡಿಯೋಕೆ ನಿಂತರೆ ಈ ಕಸುಬಿನ ಹುಡುಗರು ಸಿಗ್ತಾರೆ. ಅಮೆರಿಕದ ಹಲ್ಲು ಡಾಕ್ಟರಿಗೆ, ಆಸ್ಟ್ರೇಲಿಯಾದ ಕೊಳಾಯಿ ರಿಪೇರಿಯವನಿಗೆ ಇಲ್ಲಿಂದ ಕೊಂಡಿ ಕಟ್ತಾರೆ. ಕಷ್ಟಪಟ್ಟು ದುಡಿಯೋ ಹುಡುಗರು, ನಾನು ಹೀಗಳೆಯಲ್ಲ. "ಸಾಹೇಬ್, ಪ್ರತಿ ಅಪ್‌ಡೇಟಿಗೂ ನಮ್ಮ ಅರ್ಧ ಕೆಲಸ ನೀರಿಗೆ ಹೋಗುತ್ತೆ" ಅಂತ ಒಬ್ಬ ಹೇಳಿದ್ದ. ಬಾಡಿಗೆ ಸಾಕ್ಷಿ ಎಷ್ಟು ದಿನ ನಿಲ್ಲುತ್ತೆ?

ಗೋಡೆ ಒಳಗೆ ಹೋದ ಕನ್ನಡ

ಈಗ ಕನ್ನಡಕ್ಕೆ ಬರೋಣ. ಪಾಂಡಾ, ಪೆಂಗ್ವಿನ್ ಕನ್ನಡವನ್ನ ಹೆಚ್ಚೇನೂ ಮುಟ್ಟಲಿಲ್ಲ ಅಂತ ನನ್ನ ಅಂದಾಜು. ಕಾರಣ ಸರಳ, ಕನ್ನಡದಲ್ಲಿ ಕೊಂಡಿ ಕೊಳ್ಳೋಕೆ ಯಾರಿಗೂ ಲಾಭ ಇರಲಿಲ್ಲ. ಗೂಗಲ್‌ನ ಆಡ್‌ಸೆನ್ಸ್ ಹಿಂದಿಗೇ ಬಂದದ್ದು 2014ರ ಡಿಸೆಂಬರ್‌ನಲ್ಲಿ. ಕನ್ನಡದ ಸರದಿಗೆ ಇನ್ನೂ ವರ್ಷಗಳು ಹಿಡಿದವು. ದುಡ್ಡಿಲ್ಲದ ಕಡೆ ಕಳ್ಳರೂ ಬರಲ್ಲ.

ನಮ್ಮನ್ನ ಮುಟ್ಟಿದ್ದು ಬೇರೆ. 2010ರ ನಂತರ ಬರೆಯೋರೆಲ್ಲ ಒಬ್ಬೊಬ್ಬರಾಗಿ ಫೇಸ್‌ಬುಕ್‌ಗೆ ಹೋದರು. ಅಲ್ಲಿ ಓದುಗರು ತಕ್ಷಣ ಸಿಗ್ತಾರೆ, ಲೈಕ್ ಬರುತ್ತೆ, ಯಾರಿಗೆ ಬೇಡ? 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು, ನೆಚ್ಚಿನ ಪುಟಗಳನ್ನ ಒಂದೇ ಕಡೆ ಓದೋ ಅಭ್ಯಾಸ ಅಲ್ಲಿಗೆ ಹೋಯಿತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್. ಒಳಗಿದ್ದ ಕನ್ನಡದ ಚರ್ಚೆಗಳೂ ಅವುಗಳ ಜೊತೆಗೆ ಹೋದವು.

ಫೇಸ್‌ಬುಕ್‌ನಲ್ಲಿ ಇವತ್ತಿಗೂ ಅದ್ಭುತವಾಗಿ ಬರೆಯೋರಿದ್ದಾರೆ. ಊರಿನ ಕೆರೆ, ಬೀಜದ ತಳಿ, ಕಂಪನಿ ನಾಟಕದ ನೆನಪು, ಏನಿಲ್ಲ? ಆದರೆ ಅದು ಗೋಡೆ ಒಳಗಿನ ಮನೆ. ಅಲ್ಲಿಂದ ಇನ್ನೊಬ್ಬರಿಗೆ ಜಾಮೀನು ಸಿಗಲ್ಲ, ಆರು ತಿಂಗಳ ಹಿಂದಿನದನ್ನ ಬರೆದವರೇ ಹುಡುಕಿ ತೆಗೆಯೋಕೆ ಒದ್ದಾಡ್ತಾರೆ. ವಾಟ್ಸಾಪ್ ಅಂತೂ ಕೇಳಲೇ ಬೇಡಿ.

ಇದೇ ಹೊತ್ತಿನಲ್ಲಿ ಓದುಗರು ಪ್ರವಾಹದ ಹಾಗೆ ಬಂದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. 2017ರಲ್ಲಿ ಕೆಪಿಎಂಜಿ ಮತ್ತು ಗೂಗಲ್ ಹೊರತಂದ ವರದಿ ಪ್ರಕಾರ, ಭಾರತೀಯ ಭಾಷೆಗಳಲ್ಲಿ ಇಂಟರ್‌ನೆಟ್ ಬಳಸೋರು ಆಗಲೇ 23.4 ಕೋಟಿ, ಇಂಗ್ಲಿಷ್ ಬಳಸೋರಿಗಿಂತ ಹೆಚ್ಚು. ಕೇಳೋರು ಕೋಟಿಗಟ್ಟಲೆ ಬಂದರು, ಹೇಳೋರು ಗೋಡೆ ಒಳಗೆ ಕೂತಿದ್ದರು. ನಡುವೆ ಉಳಿದ ಖಾಲಿ ಜಾಗವನ್ನ ತುಂಬಿದ್ದು ಒಂದೇ ಪ್ಯಾರಾವನ್ನ ಒಬ್ಬರಿಂದ ಒಬ್ಬರು ನಕಲು ಹೊಡೆದ ಪುಟಗಳು.

ಗೂಗಲ್‌ಗೂ ಈ ಖಾಲಿ ಜಾಗ ಗೊತ್ತಿತ್ತು. 2009-10ರ ಸುಮಾರಿಗೆ ದುಡ್ಡು ಕೊಟ್ಟು ಅನುವಾದಕರಿಂದ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನ ಕನ್ನಡವೂ ಸೇರಿ ಕೆಲವು ಭಾರತೀಯ ಭಾಷೆಗಳಿಗೆ ತರಿಸಿತು. ಬಂಗಾಳಿ ವಿಕಿಪೀಡಿಯದವರು ಗುಣಮಟ್ಟ ಸರಿಯಿಲ್ಲ ಅಂತ ತಡೆದರು. ಕನ್ನಡದಲ್ಲಿ ಅವು ಬಂದು ಕೂತವು. ಓದಿದರೆ ಕನ್ನಡದ ಅಕ್ಷರ, ಇಂಗ್ಲಿಷಿನ ವಾಕ್ಯ. 2011ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿತು. ಕನ್ನಡ ಮತ್ತು ಗುಜರಾತಿ ಒಂದೇ ದಿನ, ಒಂದೇ ಪ್ರಕಟಣೆಯಲ್ಲಿ.

ಆ ಪೆಟ್ಟಿಗೆ

ಈಗ ಜೂನ್ 3ಕ್ಕೆ ವಾಪಸ್ ಹೋಗಬಹುದು. 2014ರಲ್ಲಿ ಗೂಗಲ್ ಹೊಸ ಪದ್ಧತಿ ತಂದಿತು. ಹತ್ತು ಕೊಂಡಿ ಕೊಟ್ಟು ನೀವೇ ನೋಡಿಕೊಳ್ಳಿ ಅನ್ನೋ ಬದಲು, ಒಂದು ಪುಟದಿಂದ ಒಂದೆರಡು ಸಾಲು ಎತ್ತಿ ಮೇಲೆ ಪೆಟ್ಟಿಗೆಯಲ್ಲಿ ಉತ್ತರ ತೋರಿಸೋದು. ಹತ್ತು ಕೊಂಡಿ ಇದ್ದಾಗ ಯಂತ್ರ ದಲಾಲ್ ಅಷ್ಟೆ. ಪೆಟ್ಟಿಗೆ ಬಂದ ಮೇಲೆ ತೀರ್ಪುಗಾರ.

ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಅನ್ನೋ ಪ್ರಶ್ನೆಗೆ ತಿಳಿದವರು ಯಾರೂ ಪುಟ ಬರೆಯಲ್ಲ. ಭಾಷಾಶಾಸ್ತ್ರಜ್ಞರಿಗೆ ಅದು ಪ್ರಶ್ನೆಯೇ ಅಲ್ಲ. ಹಾಗಾಗಿ ಆ ಪ್ರಶ್ನೆಗೆ ನೇರ ವಾಕ್ಯದಲ್ಲಿ ಉತ್ತರ ಕೊಟ್ಟ ಪುಟ ಆ ಸಾಲದ ಸೈಟಿನದು. ಎದುರು ಸಾಕ್ಷಿ ಇಲ್ಲ. ಯಂತ್ರ ಅದನ್ನೇ ಎತ್ತಿ ಪೆಟ್ಟಿಗೆಗೆ ಹಾಕಿತು. ಹಿಲ್‌ಟಾಪ್ ಆಗಿದ್ದರೆ 'ತಜ್ಞರಿಲ್ಲ' ಅಂತ ಸುಮ್ಮನಿರ್ತಿತ್ತು ಅಂದೆನಲ್ಲ, ಅದಕ್ಕೇ ಅಷ್ಟು ಹೇಳಿದ್ದು.

ಗೂಗಲ್‌ನ ತಪ್ಪಿಲ್ಲ ಅಂತ ಹೇಳ್ತಿಲ್ಲ. ಸುಮ್ಮನಿರಬೇಕಾದ ಕಡೆ ಮಾತಾಡೋ ಯಂತ್ರ ಕಟ್ಟಿದ್ದು ಅವರೇ, ಕ್ಷಮೆ ಕೇಳಿದ್ದೂ ಸರಿಯೇ. ಆದರೆ ತೆಗೆದದ್ದು ಒಂದು ಪೆಟ್ಟಿಗೆ. ಖಾಲಿ ಜಾಗ ಹಾಗೇ ಇದೆ. ನಾವು ಒಂದು ದಿನ ಕೂಗಾಡಿದೆವು, ಮರುದಿನ ಮತ್ತೆ ಗೋಡೆ ಒಳಗೆ ಹೋದೆವು. ಹಲ್ಮಿಡಿ ಶಾಸನದ ಕಾಲದಿಂದ ಲೆಕ್ಕ ಹಾಕಿದರೆ 1500 ವರ್ಷದ ಬರವಣಿಗೆ, 2008ರಲ್ಲಿ ಶಾಸ್ತ್ರೀಯ ಸ್ಥಾನ, 2011ರ ಜನಗಣತಿಯಲ್ಲಿ 4.37 ಕೋಟಿ ಮಾತೃಭಾಷಿಕರು. ಇದನ್ನೆಲ್ಲ ಭಾಷಣದಲ್ಲಿ ಹೇಳ್ತೀವಿ. ಯಂತ್ರ ಎಣಿಸೋ ಜಾಗದಲ್ಲಿ ಮಾತ್ರ ಹೇಳಲ್ಲ.

ಯಂತ್ರ ಕನ್ನಡ ಕಲಿತ ಮೇಲೆ

ಇತ್ತೀಚಿನ ಬದಲಾವಣೆ ಎರಡು ಮಾತಲ್ಲಿ. ಕನ್ನಡದಲ್ಲಿ 'ಮನೆ' ಅನ್ನೋದು ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಅಂತ ಬೆಳೀತಾ ಹೋಗುತ್ತೆ. ಅಕ್ಷರ ಹೊಂದಿಸಿ ನೋಡೋ ಹಳೆಯ ಯಂತ್ರಕ್ಕೆ ಇವು ಬೇರೆ ಬೇರೆ ಪದ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕ್ತೀವಿ, ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ಇದರ ಜೊತೆಗೆ ಅರ್ಧ ಜನ ಹುಡುಕೋದೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. 2019ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ 'ಬರ್ಟ್' ಮಾದರಿಯನ್ನ 70ಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು, ಕನ್ನಡವೂ ಅದರಲ್ಲಿತ್ತು. ಪದ ಹೊಂದಿಸೋ ಬದಲು ವಾಕ್ಯದ ಅರ್ಥ ಹಿಡಿಯೋ ಪ್ರಯತ್ನ ಅದು.

2024ರ ಮಾರ್ಚ್‌ನಲ್ಲಿ ರಾಶಿಗಟ್ಟಲೆ ಜೊಳ್ಳು ಬರಹ ತಯಾರಿಸೋರ ಮೇಲೆ, ಅವಧಿ ಮುಗಿದ ಹಳೆ ಡೊಮೇನ್ ಕೊಂಡು ಅದರ ಹೆಸರಲ್ಲಿ ಆಟ ಆಡೋರ ಮೇಲೆ ಗೂಗಲ್ ಹೊಸ ನಿಯಮ ತಂದಿತು. ಎರಡನೆಯದು ನಮಗೆ ಹತ್ತಿರದ್ದು. ಹಿಂದೆ ನಾನು ಓದುತ್ತಿದ್ದ ಕನ್ನಡದ ಪುಟವೊಂದರ ವಿಳಾಸ ಒತ್ತಿದರೆ ಈಗ ಆನ್‌ಲೈನ್ ಜೂಜಿನ ಜಾಹೀರಾತು ತೆರೆಯುತ್ತೆ. ಬರೆದವರು ಡೊಮೇನ್ ನವೀಕರಿಸಲಿಲ್ಲ. ಹತ್ತು ವರ್ಷ ಓದುಗರು ಪ್ರೀತಿಯಿಂದ ಕೊಟ್ಟ ಜಾಮೀನನ್ನ ಜೂಜಿನವನು ಕೊಂಡುಕೊಂಡ. 2024ರ ಆಗಸ್ಟ್‌ನಲ್ಲಿ ಎಐ ಬರೆದುಕೊಡೋ ಸಾರಾಂಶ ಭಾರತಕ್ಕೂ ಬಂತು, ಮೊದಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಈಗ ಓದುಗ ಪುಟಕ್ಕೆ ಬರೋದೇ ಅನುಮಾನ. ಹಾಗಾದರೆ ಬರೆಯೋದ್ಯಾಕೆ ಅಂತ ಕೇಳ್ತೀರಿ. ನಾನು ಹೇಳೋದು ಇಷ್ಟೆ: ಆ ಸಾರಾಂಶವೂ ಯಾರೋ ಬರೆದದ್ದರಿಂದಲೇ ಆಗೋದು. ನಾವು ಬರೆಯದಿದ್ದರೆ ಸಾಲದ ಸೈಟಿನವನು ಬರೀತಾನೆ.

ಹಾಗಾದ್ರೆ ನಾವೇನು ಮಾಡಬಹುದು

ಮಾಡಿ ತೋರಿಸಿದವರಿದ್ದಾರೆ. ವಿ. ಕೃಷ್ಣ ಅನ್ನೋರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಲ್ಲಿ ಅದು 'ಅಲರ್' ಹೆಸರಲ್ಲಿ, ಯಾರು ಬೇಕಾದರೂ ಬಳಸೋ ಹಾಗೆ, ಮುಕ್ತವಾಗಿ ವೆಬ್‌ಗೆ ಬಂತು. ವಚನಗಳನ್ನ ಹಳೆ ಫಾಂಟಿನಿಂದ ಯುನಿಕೋಡ್‌ಗೆ ತಂದು ಪದ ಕೊಟ್ಟರೆ ಸಿಗೋ ಹಾಗೆ ಮಾಡಿದ 'ವಚನ ಸಂಚಯ' ಇದೆ. ಇವರಾರೂ ಕೊಂಡಿ ಕೊಂಡವರಲ್ಲ. ಉಪಯೋಗ ಇದೆ ಅಂತ ಜನ ಕೊಟ್ಟರು, ಕೊಡ್ತಾನೇ ಇದ್ದಾರೆ. ಗುಜರಾತಿಗಳಲ್ಲೂ ಇಂಥದೇ ಕತೆ ಇದೆ. ನೈರೋಬಿಯಲ್ಲಿ ಹುಟ್ಟಿದ ಉದ್ಯಮಿ ರತಿಲಾಲ್ ಚಂದರಿಯಾ 2006ರಲ್ಲಿ 'ಗುಜರಾತಿ ಲೆಕ್ಸಿಕನ್' ತಂದರು. ಮತ್ತೆ ಅದೇ, ಊರು ಬಿಟ್ಟವರು.

ಕಳೆದ ಉತ್ತರಾಯಣದ ದಿನ ಟೆರೇಸಿನ ಮೇಲೆ ಗಾಳಿಪಟದ ಗಲಾಟೆ. ಮಗಳು ಕೇಳಿದಳು, "ಅಪ್ಪಾ, ನಮ್ಮೂರಲ್ಲಿ ಇವತ್ತು ಏನ್ ಮಾಡ್ತಾರೆ?" ನಮ್ಮದು ಹಾವೇರಿ ಕಡೆ. ಫೋನಿನಲ್ಲಿ ಕನ್ನಡದಲ್ಲೇ ಹುಡುಕಿದೆ. ಹತ್ತು ಪುಟ ಸಿಕ್ಕವು, ಹತ್ತರಲ್ಲೂ ಅದೇ ಒಂದು ಪ್ಯಾರಾ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ. ಅದು ಮೈಸೂರು ಸೀಮೆಯ ಪದ್ಧತಿ, ಚೆಂದವೇ. ಆದರೆ ನಮ್ಮ ಕಡೆಯ ಕುಸುರೆಳ್ಳು ಎಲ್ಲಿ? ಹೊಳೆ ಸ್ನಾನ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬುತ್ತಿ ಕಟ್ಟಿಕೊಂಡು ಹೊಳೆದಂಡೆಯಲ್ಲಿ ಕೂತು ಉಣ್ಣೋದು ಎಲ್ಲಿ? ಯಾವ ಪುಟದಲ್ಲೂ ಕಾಣಲಿಲ್ಲ. ಮಗಳ ಪಾಲಿಗೆ ಅದು ಇಲ್ಲವೇ ಇಲ್ಲ.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿ, ಕೇಳಿಕೊಂಡು, ಒಂದು ಪುಟ ಬರೆದೆ. ಯಾವ ಊರು, ಯಾವ ಹೊಳೆ, ಹೇಳಿದವರು ಯಾರು, ಯಾವ ದಿನ ಬರೆದದ್ದು, ಎಲ್ಲ ಹಾಕಿದೆ. ಸಂಕ್ರಾಂತಿ ಬಗ್ಗೆ ಬೇರೆಯವರು ಬರೆದ ಒಳ್ಳೆಯ ಎರಡು ಕನ್ನಡ ಪುಟಗಳಿಗೆ ಕೊಂಡಿ ಕೊಟ್ಟೆ. ಅದರ ಒಂದು ಪ್ರತಿಯನ್ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿದೆ, ನಾಳೆ ನಾನು ಡೊಮೇನ್ ದುಡ್ಡು ಕಟ್ಟೋದು ಮರೆತರೂ ಇರಲಿ ಅಂತ. ತಿಂಗಳಿಗೆ ಹತ್ತೋ ಹನ್ನೆರಡೋ ಜನ ಓದ್ತಾರೆ. ಆದರೆ ವಡೋದರಾದಲ್ಲಿರೋ ಒಬ್ಬರು ರಾಣೆಬೆನ್ನೂರಿನವರು ಓದಿ, ತಮ್ಮ ಮನೆಯ ಪದ್ಧತಿಯನ್ನ ತಮ್ಮ ಪುಟದಲ್ಲಿ ಬರೆದು, ನನ್ನದಕ್ಕೆ ಕೊಂಡಿ ಕೊಟ್ಟರು. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಪುಟ. ಕೃಷ್ಣ ಭರತ್ ಅವರ ಲೆಕ್ಕಕ್ಕೆ ಇನ್ನೊಂದು ಸಿಕ್ಕರೆ ಸಾಕ್ಷಿ ಪೂರ್ತಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಫೇಸ್‌ಬುಕ್ ಬಿಡಿ ಅಂತ ಹೇಳಲ್ಲ. ಅಲ್ಲಿ ಬರೆದದ್ದರಲ್ಲಿ ಉಳಿಯಬೇಕಾದ್ದನ್ನ ಗೋಡೆ ಹೊರಗೂ ಒಂದು ಕಡೆ ಇಡಿ. ನಿಮ್ಮೂರಿನ ಒಂದು ವಿಷಯ, ನಿಮಗೆ ಮಾತ್ರ ಚೆನ್ನಾಗಿ ಗೊತ್ತಿರೋದು. ಜನ ಮಾತಾಡೋ ಪದದಲ್ಲೇ ಶೀರ್ಷಿಕೆ ಕೊಡಿ. ಎಲ್ಲಿಂದ ತಿಳಿಯಿತು ಅಂತ ಹೇಳಿ. ಬರೆಯೋಕೆ ಆಗಲ್ಲ ಅಂದ್ರೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಹರಕು ವಾಕ್ಯ ತಿದ್ದಿ. ಅದೂ ಆಗಲ್ಲ ಅಂದ್ರೆ, ಇನ್ನೊಬ್ಬರು ಬರೆದ ಒಳ್ಳೆಯ ಪುಟಕ್ಕೆ ಒಂದು ಕೊಂಡಿ ಕೊಡಿ.

ಸ್ಕ್ರೀನ್‌ಶಾಟ್ ಕಳಿಸಿದ್ದ ಆ ಗುಜರಾತಿ ಹುಡುಗ ಮೊನ್ನೆ ಲೋಚೋ ತಿನ್ನುವಾಗ ಕೇಳಿದ, ನಿಮ್ಮ ಕಡೆ ಉತ್ತರಾಯಣಕ್ಕೆ ಏನ್ ಮಾಡ್ತೀರಿ ಅಂತ. ಬಾಯಲ್ಲಿ ಹೇಳಲಿಲ್ಲ, ಪುಟದ ವಿಳಾಸ ಕಳಿಸಿದೆ. ಟ್ರಾನ್ಸ್‌ಲೇಟ್ ಒತ್ತಿ ಗುಜರಾತಿಯಲ್ಲಿ ಓದಿದ. ಅನುವಾದ ಅಷ್ಟಕ್ಕಷ್ಟೆ, ಸಜ್ಜೆ ರೊಟ್ಟಿ ಮಾತ್ರ ಅವನಿಗೆ ಅರ್ಥವಾಯಿತು. ಇಲ್ಲಿ ಅದಕ್ಕೆ ಬಾಜ್ರಿನೋ ರೋಟಲೋ ಅಂತಾರೆ.

ಮುಂದಿನ ವಾರ ಸಿಗೋಣ. ನೀವು ಬರೆದ ಪುಟ ಇದ್ದರೆ ವಿಳಾಸ ಕಳಿಸಿ, ಓದಿ ಹಿಡಿಸಿದರೆ ಇಲ್ಲೇ ಕೊಂಡಿ ಕೊಡ್ತೀನಿ. ದುಡ್ಡು ಬೇಡ.